ಪರದೇಶಿ ನಂಜಯ್ಯ ಹಾಲು ಉಕ್ಕಿಸಿದ್ದು

ನಂಜಯ್ಯನಿಗೆ ಹಾಲು ಉಕ್ಕಿಸಲು ಒಬ್ಬ ಹೆಂಗಸಿರಲಿಲ್ಲ.

ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಇತ್ತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಇತ್ತು. ಸಾಲಗಾಮೆಯಿಂದ ಬಂದವನು ಅವೆರಡನ್ನೂ ಛತ್ರದ ಮೂಲೆಯಲ್ಲಿಟ್ಟುಕೊಂಡು ವರ್ಷದಿಂದ ಮಲಗುತ್ತಿದ್ದ. ಮದುವೆಯಾಗದ ಗಂಡಸಿಗೆ ಆ ಊರಿನಲ್ಲಿ ಯಾರೂ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ಮನೆಯಿಲ್ಲದ ಗಂಡಸಿಗೆ ಯಾವ ಊರಿನಲ್ಲೂ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಕೊನೆಗೆ ನಂಜಯ್ಯ ಧೈರ್ಯ ಮಾಡಿದ. ಕೋಟೆ ಬೀದಿಯ ಮನೆಯೊಡತಿ ದೊಡ್ಡತಾಯಮ್ಮನಿಗೆ ತನ್ನ ಮದುವೆ ನಿಶ್ಚಯವಾಗಿದೆ ಎಂದು ಹೇಳಿ ಮನೆಗೆ ಒಪ್ಪಿಸಿದ. ಅರಕಲಗೂಡಿನ ಕೆಂಪಣ್ಣನಿಗೆ ತನ್ನ ಮನೆ ನಿಶ್ಚಯವಾಗಿದೆ ಎಂದು ಹೇಳಿ ಹೆಣ್ಣಿಗೆ ಒಪ್ಪಿಸಿದ. ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಒಲೆ ಹತ್ತಿದ ಮನೆ ಕಂಡರೆ ಮಗಳನ್ನು ಕೊಡುವ ಮಾತಾಡಿಯೇ ಹೋಗುತ್ತೇನೆ ಎಂದು ಕೆಂಪಣ್ಣ ಹೇಳಿಕಳಿಸಿದ್ದ.

ಶುಕ್ರವಾರ ಬಂತು. ನಂಜಯ್ಯ ಮಡಿ ಪಂಚೆ ಉಟ್ಟು, ಅರ್ಧ ಸೇರು ಹಾಲಿನ ಚೊಂಬು ಹಿಡಿದು ದೊಡ್ಡತಾಯಮ್ಮನ ಬಾಗಿಲಿಗೆ ಹೋದ. ಮುದುಕಿ ಅವನ ಬೆನ್ನ ಹಿಂದೆ ಇಣುಕಿದಳು.

"ಉಕ್ಕಿಸೋಳು ಎಲ್ಲಪ್ಪಾ?"

"ನಾನೇ ಉಕ್ಕಿಸ್ತೀನಿ ಕಣವ್ವ."

"ನೀನು ಉಕ್ಕಿಸಿದ್ರೆ ಅದು ಕಾಪಿಗಾಯ್ತದೆ, ಮನೆಗಾಗಕ್ಕಿಲ್ಲ. ಮುತ್ತೈದೆ ಬೇಕು. ನಾನು ಗಂಡನ್ನ ಕಳ್ಕಂಡೋಳು, ಮುಟ್ಟಂಗಿಲ್ಲ. ಹಾಲುಕ್ಕಿಸೋಕೂ ಒಂದು ಹೆಣ್ಣಿಲ್ದಿರೋ ಪರದೇಶಿ ಅಂತ ಮೊದ್ಲೇ ಹೇಳಬಾರ್ದಾಗಿತ್ತಾ?"

ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಉಕ್ಕಿದರೆ ಸರಿ, ಇಲ್ಲದಿದ್ದರೆ ಮನೆ ಇಲ್ಲ ಎಂದು ಬಾಗಿಲು ಹಾಕಿಕೊಂಡಳು.

ನಂಜಯ್ಯ ಚೊಂಬನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಗಂಗಯ್ಯನ ಹೋಟೆಲಿಗೆ ಓಡಿದ. ಗಂಗಯ್ಯ ದೊಡ್ಡ ಮನಸ್ಸಿನವನು. ಕತೆ ಪೂರ್ತಿ ಕೇಳುವ ಮೊದಲೇ ಒಳಗೆ ಮುಖ ಮಾಡಿ, ರುಬ್ಬುವುದನ್ನು ಬಿಟ್ಟು ಸೀರೆ ಬದಲಾಯಿಸು, ಹಾಲು ಉಕ್ಕಿಸಿ ಬರುವುದಿದೆ ಎಂದು ಹೆಂಡತಿಗೆ ಕೂಗಿದ. ಒರಳಿನ ಸದ್ದು ನಿಂತಿತು. ನಂಜಯ್ಯನಿಗೆ ಜೀವ ಬಂತು. ಆ ಹುರುಪಿನಲ್ಲಿ, ಮುದುಕಿ ತನ್ನನ್ನು ಪರದೇಶಿ ಎಂದದ್ದನ್ನೂ ಹೇಳಿಬಿಟ್ಟ.

ಮೂಲೆಯ ಬೆಂಚಿನಲ್ಲಿ ಇಡ್ಲಿ ಮುರಿಯುತ್ತಿದ್ದ ಹೈಸ್ಕೂಲಿನ ಕನ್ನಡ ಪಂಡಿತ ಷಡಕ್ಷರಿಯವರು ತಲೆ ಎತ್ತಿದರು. ಮೀನು ಕಂಡ ಕೊಕ್ಕರೆಯ ಹಾಗೆ ಅವರ ಕತ್ತು ಎರಡು ಅಂಗುಲ ಉದ್ದವಾಯಿತು.

ಅದು ಬೈಗುಳವೇ ಅಲ್ಲ ಎಂದರು ಪಂಡಿತರು. ಪರ ಎಂದರೆ ಬೇರೆ. ಬೇರೆ ದೇಶದವನು ಪರದೇಶಿ. ಹಳೆಯ ಶಾಸನಗಳಲ್ಲಿ ದೂರದಿಂದ ಬಂದ ದೊಡ್ಡ ವರ್ತಕರಿಗೂ ಇದೇ ಹೆಸರು. ಹೊರಗಿನವನಿಗೆ ನೆಂಟರಿಲ್ಲ, ಮನೆಯಿಲ್ಲ, ಹಾಗಾಗಿ ಬರಬರುತ್ತ ಗತಿಯಿಲ್ಲದೆ ಅಲೆಯುವವನಿಗೆಲ್ಲ ಪದ ಅಂಟಿಕೊಂಡಿತು.

ಗಂಗಯ್ಯ ಒಪ್ಪಲಿಲ್ಲ. ಪರದೇಶಿ ಅಂದರೆ ಹಿಂದು ಮುಂದು ಇಲ್ಲದವನು, ಬೇವಾರ್ಸಿ, ಅಷ್ಟೆ ಎಂದ.

"ಬೇವಾರ್ಸಿ ಬೇರೆ, ಗಂಗಯ್ಯ. ಅದು ಪಾರಸಿ ಭಾಷೆಯಿಂದ ಬಂದದ್ದು. ವಾರಸುದಾರ ಇಲ್ಲದವನು ಅಂತ ಅರ್ಥ. ನಿಮಗೆ ನಾಲ್ಕು ಗಂಡು ಮಕ್ಕಳು, ನೀವು ಬೇವಾರ್ಸಿಯಲ್ಲ. ಚನ್ನರಾಯಪಟ್ಟಣದಿಂದ ಬಂದವರು, ಆದ್ದರಿಂದ ಪದದ ಮೂಲ ಹಿಡಿದರೆ ನೀವೂ ಪರದೇಶಿಯೇ."

ಗಂಗಯ್ಯ ಸೌಟು ಕೆಳಗಿಟ್ಟ.

"ನಾನು ಪರದೇಶಿನಾ? ಇಪ್ಪತ್ತು ವರ್ಸದಿಂದ ಈ ಊರಿಗೆ ಕಾಪಿ ಕುಡಿಸ್ತಾ ಇವ್ನಿ. ಲೇ ನಂಜಯ್ಯ, ನೀನು ಓದ್ದೋನು, ನೀನೇಳ್ಲಾ."

ಸುಮ್ಮನೆ ಇದ್ದಿದ್ದರೆ ಅವನ ಬಾಳು ಬೇರೆಯಾಗುತ್ತಿತ್ತು. ಆದರೆ ನಂಜಯ್ಯ ಹಾಸನದ ಹಾಸ್ಟೆಲಿನಲ್ಲಿ ಓದಿದವನು, ಓದಿದವನು ಎಂದು ಯಾರಾದರೂ ಕರೆದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. ಪುಸ್ತಕದ ಪ್ರಕಾರ ಪಂಡಿತರು ಹೇಳಿದ್ದೇ ಸರಿ ಎಂದ.

"ಸರಿ. ಪರದೇಶಿ ಎಂಡ್ತಿ ಉಕ್ಕಿಸಿದ ಹಾಲು ನಿಂಗ್ಯಾಕಪ್ಪ?" ಎಂದು ಗಂಗಯ್ಯ ಒಳಗೆ ನೋಡಿ ಕೈ ಅಲ್ಲಾಡಿಸಿದ. ಒರಳು ಮತ್ತೆ ತಿರುಗತೊಡಗಿತು.

ತಮ್ಮಿಂದ ಹೀಗಾಯಿತೆಂದು ಪಂಡಿತರಿಗೆ ಮುಜುಗರವಾಯಿತು. ತಮ್ಮ ಹೆಂಡತಿಯನ್ನೇ ಕರೆಯೋಣ ಬನ್ನಿ ಎಂದು ನಂಜಯ್ಯನನ್ನು ಹೊರಡಿಸಿದರು. ಆದರೆ ದಾರಿಯಲ್ಲಿ ಆಸ್ತಿವಂತ ವರ್ತಕರ ಪದ ತಿರುಕರ ಪಾಲಾದದ್ದು ಹೇಗೆಂದು ಹೇಳಲು ಮೂರು ಕಡೆ ನಿಂತರು. ಮನೆ ಮುಟ್ಟುವಷ್ಟರಲ್ಲಿ ಆಕೆ ಬಟ್ಟೆ ಗಂಟು ಹೊತ್ತು ಹೇಮಾವತಿಗೆ ಹೋಗಿದ್ದರು. ಇಬ್ಬರೂ ಹೊಳೆಯ ದಾರಿ ಹಿಡಿದರು. ನಂಜಯ್ಯ ಓಡಿದ, ಪಂಡಿತರು ಹಿಂದಿನಿಂದ ಸಮಾಸ ಬಿಡಿಸುತ್ತ ಓಡಿದರು, ಚೊಂಬಿನ ಹಾಲು ತುಳುಕಿ ಮಡಿ ಪಂಚೆಗೆ ಅಭಿಷೇಕವಾಯಿತು.

ಅರ್ಧ ದಾರಿಯಲ್ಲಿ ಎದುರಾದದ್ದು, ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಹೂಂ, ಊಹೂಂ ಹೇಳುವ ಕೋಲೆಬಸವ. ಕೋಡಿಗೆ ಕುಚ್ಚು, ಬೆನ್ನ ಮೇಲೆ ಬಣ್ಣದ ಬಟ್ಟೆ. ಮುಂದೆ ಓಲಗ ಊದುವ ಹುಚ್ಚಯ್ಯ, ಹಿಂದೆ ಅವನ ಹೆಂಡತಿ ಸಣ್ಣಕ್ಕ, ಅವಳ ಸೊಂಟದಲ್ಲೊಂದು ಮಗು, ಸೆರಗು ಹಿಡಿದದ್ದು ಎರಡು.

ಪಂಡಿತರು ಪರವಶರಾದರು. ಸಾಕ್ಷಾತ್ ಪರದೇಶಿಗಳು ಎಂದು ದಾರಿಗಡ್ಡ ನಿಂತು, ನಿಮ್ಮದು ಯಾವ ಊರಪ್ಪ ಎಂದು ಕೇಳಿದರು.

"ಯಾವೂರು ಅಂತ ಏಳನ ಸಾ. ಸುಗ್ಗಿಲಿ ರಾಮನಾಥಪುರ, ಬ್ಯಾಸ್ಗೆಲಿ ಗೊರೂರು. ಒಂದೇ ಊರಲ್ಲಿರೋರ್ಗೆ ಪಕ್ಕದೂರು ಪರದೇಸ. ನಮಗ್ಯಾವ ಊರು ಪರದೇಸ?" ಎಂದು ಹುಚ್ಚಯ್ಯ ಹಲ್ಲು ಬಿಟ್ಟ.

ಪಂಡಿತರು ಅಲ್ಲೇ ಕಲ್ಲಿನ ಮೇಲೆ ಕುಳಿತು, ಮತ್ತೊಮ್ಮೆ ಹೇಳು ಎಂದರು. ನಂಜಯ್ಯನ ಕಣ್ಣು ಮಾತ್ರ ಸಣ್ಣಕ್ಕನ ಮೇಲಿತ್ತು. ಹಣೆಯಲ್ಲಿ ಕಾಸಗಲ ಕುಂಕುಮ, ಕತ್ತಿನಲ್ಲಿ ತಾಳಿ, ಕಾಲಲ್ಲಿ ಉಂಗುರ. ಇದಕ್ಕಿಂತ ಮುತ್ತೈದೆ ಇನ್ನೇನು ಬೇಕು? ಒಂದು ರವಿಕೆ ಕಣ, ಒಂದು ತೆಂಗಿನಕಾಯಿಗೆ ಮಾತಾಯಿತು. ಓಲಗ ಊದುತ್ತ, ಬಸವನನ್ನು ಮುಂದೆ ಮಾಡಿ, ಎಲ್ಲರೂ ಕೋಟೆ ಬೀದಿಗೆ ನುಗ್ಗಿದರು.

ಹತ್ತು ಗಂಟೆ ದಾಟಿತ್ತು. ಓಲಗ ಕೇಳಿ ಹೊರಬಂದ ದೊಡ್ಡತಾಯಮ್ಮ, ಬಾಗಿಲಿಗೆ ಬಂದ ಬಸವನನ್ನು ನೋಡಿ ಕೈ ಮುಗಿದಳು. ಅದರ ಗೊರಸಿಗೆ ನೀರು ಹಾಕಿ, ಹಣೆಗೆ ವಿಭೂತಿ ಇಟ್ಟಳು. ನಂಜಯ್ಯ ಕಿಟಕಿಯ ಸರಳಿನಷ್ಟೂ ಅವಳ ಕಣ್ಣಿಗೆ ಬೀಳಲಿಲ್ಲ.

ಸಣ್ಣಕ್ಕ ಒಲೆ ಮುಂದೆ ಕುಳಿತು ಸುತ್ತ ನೋಡಿದಳು. "ಗ್ವಾಡೆ ಒಳಗೆ ಒಲೆ ಅಚ್ಚಿದ್ದೇ ಇಲ್ಲ ಕಣವ್ವ. ಗಾಳಿ ಎತ್ತಗಿಂದ ಬತ್ತದೆ?" ದೊಡ್ಡತಾಯಮ್ಮ ಊದುಗೊಳವೆ ಕೊಟ್ಟಳು. ಒಂದೇ ಊದಿಗೆ ಬೆಂಕಿ ಭುಗ್ಗೆಂದಿತು. ಹಾಲು ಎದ್ದು, ಪಾತ್ರೆಯ ಕಂಠ ಮುಟ್ಟಿ, ನೇರ ಪೂರ್ವಕ್ಕೆ ಉಕ್ಕಿತು. ಅಂಥ ಉಕ್ಕನ್ನು ಹುಟ್ಟಿದಾಗಿನಿಂದ ಕಂಡಿಲ್ಲವೆಂದು ಮುದುಕಿ ಕಣ್ಣು ಒರೆಸಿಕೊಂಡಳು. ನಂಜಯ್ಯ ಟ್ರಂಕು ತರಲು ಛತ್ರಕ್ಕೆ ಹಾರಿದ.

ಟ್ರಂಕು ಹೊತ್ತು ಮರಳಿದಾಗ ಹುಚ್ಚಯ್ಯ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ. ಬಸವ ಹಿತ್ತಿಲಿನ ಕೊಟ್ಟಿಗೆಯಲ್ಲಿ ಹುಲ್ಲು ಮೇಯುತ್ತಿತ್ತು. ಮಕ್ಕಳು ಹಜಾರದಲ್ಲಿ ಉರುಳಾಡುತ್ತಿದ್ದವು.

"ಟ್ರಂಕು ಎಲ್ಲಿಡ್ಲವ್ವಾ?"

"ಎಲ್ಲಿಂದ ತಂದ್ಯೋ ಅಲ್ಲೇ ಇಡಪ್ಪ. ಹಾಲುಕ್ಕಿಸ್ದೋಳು ಒಲೆ ಬಿಟ್ಟು ಎದ್ದೋದ್ರೆ ಮನೆಗೆ ಒಳ್ಳೇದಾಗಕ್ಕಿಲ್ಲ. ಬಸ್ವಣ್ಣನ್ನೇ ಕೇಳ್ದೆ, ಹೂಂ ಅಂತ ತಲೆ ಆಡಿಸ್ತು."

"ಹಾಲು ತಂದೋನು ನಾನಲ್ವಾ?"

"ಹಾಲಿನೋನೂ ದಿನಾ ಬೆಳಗಾದ್ರೆ ಹಾಲು ತತ್ತಾನೆ. ಅವನಿಗೆ ಮನೆ ಬರಕೊಡ್ಲಾ?"

ನಂಜಯ್ಯ ಪಂಡಿತರ ಮುಖ ನೋಡಿದ. ಅವರು ಬೇರೆಯೇ ಲೋಕದಲ್ಲಿದ್ದರು. ಅಲೆಯುವವರು ನೆಲೆ ನಿಂತ ಮೇಲೆ ಅವರನ್ನು ಏನೆಂದು ಕರೆಯಬೇಕೆಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು.

ಆಗ ಕೆಂಪಣ್ಣ ಬಂದ. ದಪ್ಪ ಮೀಸೆ, ಹೆಗಲಲ್ಲಿ ಅಂಗವಸ್ತ್ರ, ಕೈಯಲ್ಲಿ ಹಣ್ಣಿನ ಚೀಲ. ಒಲೆ ಹತ್ತಿದ್ದನ್ನು ಕಂಡು ಅವನ ಮೀಸೆ ಅರಳಿತು. ಮನೆ ಚೆನ್ನಾಗಿದೆ ಎಂದ. ಆಮೇಲೆ ಒಲೆ ಮುಂದಿನ ಹೆಂಗಸು ಯಾರೆಂದು ಕೇಳಿದ. ಮನೆಯವಳು ಎಂದಳು ದೊಡ್ಡತಾಯಮ್ಮ. ಹಾಗಾದರೆ ನಂಜಯ್ಯ ಈ ಮನೆಗೆ ಏನಾಗಬೇಕೆಂದು ಕೇಳಿದ.

ಪಂಡಿತರು ಮುಂದೆ ಬಂದು, ತಮ್ಮ ಕೈಲಾದ ಉಪಕಾರ ಮಾಡಿದರು. "ತಪ್ಪು ತಿಳಿಯಬೇಡಿ. ಇವರು ಪರದೇಶಿ ನಿಜ. ಆದರೆ ಮೂಲಾರ್ಥದಲ್ಲಿ ಅದು ಬಹಳ ಗೌರವದ ಪದ."

ಕೆಂಪಣ್ಣ ಕೆಟ್ಟವನಲ್ಲ. ಬಸ್ಸಿನ ಚಾರ್ಜು ಕೊಟ್ಟು ಬಂದಿದ್ದ, ಹುಡುಗನಿಗೆ ಸರ್ಕಾರಿ ಕೆಲಸ ಬೇರೆ. ಕೊಟ್ಟಿಗೆಗೆ ಹೋಗಿ, ಬಸವನ ಮುಂದೆ ಹಣ್ಣು ಇಟ್ಟು, "ಈ ಹುಡುಗನ್ಗೆ ಮಗಳ್ನ ಕೊಡ್ಲಾ, ಬಸ್ವಣ್ಣ?" ಎಂದು ಕೇಳಿದ.

ಹುಚ್ಚಯ್ಯ ನಂಜಯ್ಯನ ಋಣ ತೀರಿಸುವ ಉತ್ಸಾಹದಲ್ಲಿ ಓಡಿಬಂದು, ಹೂಂ ಅನ್ನಿಸಲು ಹಗ್ಗಕ್ಕೆ ಕೈ ಹಾಕಿದ. ಅಷ್ಟರಲ್ಲಿ ಬಸವನ ಕಿವಿಗೊಂದು ನೊಣ ಹೊಕ್ಕಿತು. ಅದು ತಲೆಯನ್ನು ಎಡಕ್ಕೂ ಬಲಕ್ಕೂ ಪಟಪಟನೆ ಒದರಿತು.

ಬಂದ ಬಸ್ಸು ತಿರುಗಿ ಹೊರಡುವುದರೊಳಗೆ ಕೆಂಪಣ್ಣ ಅದರಲ್ಲಿ ಕುಳಿತಿದ್ದ.

ಉಕ್ಕಿದ ಹಾಲಿಗೆ ಬೆಲ್ಲ ಹಾಕಿ ಸಣ್ಣಕ್ಕ ಎಲ್ಲರಿಗೂ ಹಂಚಿದಳು. ಪಂಡಿತರು ಎರಡು ಸಲ ಕುಡಿದರು. ನಂಜಯ್ಯನ ಸರದಿ ಬರುವಷ್ಟರಲ್ಲಿ ಪಾತ್ರೆ ಬರಿದಾಗಿತ್ತು.

ಆ ದಿನ ನಂಜಯ್ಯ ಕಳೆದುಕೊಂಡದ್ದು: ಮನೆ ಒಂದು, ಹೆಣ್ಣು ಒಂದು, ಹಾಲು ಅರ್ಧ ಸೇರು.