ಶಿವಗಂಗಾಳ ನೀರಿನ ಪರೀಕ್ಷೆ

ಶಿವಗಂಗಾ ಬಚ್ಚಲಿನಿಂದ ಹೊರಬಂದು ಕಾಲೊರೆಸಿಕೊಳ್ಳುವುದಕ್ಕೂ ಬೀದಿ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ಬಂದವರು ಒಂದು ಗಳಿಗೆ ಮೊದಲು ಬಂದಿದ್ದರೆ ಆ ದಿನದ ಫಜೀತಿಯೇ ಇರುತ್ತಿರಲಿಲ್ಲ.

ಬಾಗಿಲಲ್ಲಿ ಕನ್ನಡಕದ ಹೆಂಗಸೊಬ್ಬಳು ನಿಂತಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲೊಂದು ಪೆಟ್ಟಿಗೆ.

"ಶಿವಗಂಗಾ ಅಂದ್ರ ನೀವೇನ್ರೀ? ನಾನು ನೌಶೀನ್. ಡೋಪ್ ಟೆಸ್ಟಿಗೆ ಬಂದೀನಿ. ಮೂತ್ರದ ಸ್ಯಾಂಪಲ್ ಕೊಡಬೇಕ್ರಿ."

"ಅಯ್ಯ ಮೇಡಂ, ಈಗಷ್ಟ ಹೋಗಿ ಬಂದ್ನೆಲ್ರೀ!"

"ಅವಸರ ಇಲ್ರಿ, ಬರೋತನ ಕೂಡ್ತೀನಿ. ಆದ್ರ ಅಲ್ಲೀತನ ನೀವು ನನ್ನ ಕಣ್ಣ ಮುಂದನ ಇರಬೇಕು."

ಆಟಗಾರರು ಶಕ್ತಿಯ ಮದ್ದು ನುಂಗಿ ಆಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಹೀಗೆ ಹೇಳದೆ ಕೇಳದೆ ಬರುತ್ತಾರೆ. ಅದಕ್ಕೇ ಪಟ್ಟಿಯಲ್ಲಿರುವ ಆಟಗಾರರು ತಾವು ದಿನವೂ ಎಲ್ಲಿರುತ್ತೇವೆಂದು ಮೊದಲೇ ತಿಳಿಸಿರಬೇಕು. ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಶಿವಗಂಗಾಳಿಗೆ ಮಾತ್ರ ಕಣ್ಣು ತುಂಬಿ ಬಂತು. ತನ್ನನ್ನು ಹುಡುಕಿಕೊಂಡು ದೇವದುರ್ಗದವರೆಗೆ ಯಾರಾದರೂ ಬಂದು ಎಷ್ಟು ಕಾಲವಾಗಿತ್ತು!

ಅವಳು ಈಜು ಕಲಿತದ್ದು ತಾಯಿಯ ತವರೂರಾದ ಗೂಗಲ್ ಹಳ್ಳಿಯ ಹೊಳೆಯಲ್ಲಿ. ಸೈಕಲ್ ಕಲಿತದ್ದು ಮಾನ್ವಿ ರಸ್ತೆಯಲ್ಲಿ, ಲಾರಿಗಳ ಬೈಗುಳ ಕೇಳುತ್ತ. ಓಟವನ್ನಂತೂ ಓಣಿಯ ನಾಯಿಗಳೇ ಕಲಿಸಿದ್ದವು. ಈ ಮೂರನ್ನೂ ಒಂದರ ಹಿಂದೊಂದು ಉಸಿರು ಬಿಡದೆ ಮಾಡುವ ಆಟವೊಂದಿದೆ, ಅದಕ್ಕೆ ಟ್ರಯಾಥ್ಲಾನ್ ಅನ್ನುತ್ತಾರೆ ಎಂದು ತಿಳಿದ ಮೇಲೆ ಅವಳು ಹಿಂದೆ ನೋಡಲಿಲ್ಲ. ರಾಜ್ಯಕ್ಕೆ ಗೆದ್ದಳು, ದೇಶಕ್ಕೆ ಆಡಿದಳು. ಅವಳ ಸೈಕಲ್ಲಿನ ಓಟ ನೋಡಿ ಹೊರದೇಶದ ತಂಡವೊಂದು ಸಂಬಳ ಕೊಟ್ಟು ಕರೆಸಿಕೊಂಡಿತು. ಅಲ್ಲೇ ಒಂದು ಮಳೆಯ ದಿನ, ಬೆಟ್ಟದ ಇಳಿಜಾರಿನಲ್ಲಿ ಚಕ್ರ ಜಾರಿ ಸೊಂಟ ಮುರಿಯಿತು. ತಂಡ ಹೂವಿನ ಗುಚ್ಛ ಕಳಿಸಿತು. ಆಮೇಲೆ ಏನನ್ನೂ ಕಳಿಸಲಿಲ್ಲ.

ಊರಿಗೆ ಬಂದು ಮತ್ತೆ ಅಂಬೆಗಾಲಿನಿಂದ ಶುರುಮಾಡಿದ್ದಳು. ಹೋದ ತಿಂಗಳ ಆಯ್ಕೆ ಪಂದ್ಯದಲ್ಲಿ ನಾಲ್ಕನೆಯವಳಾಗಿ ಬಂದಿದ್ದಳು. ಬೇಕಾಗಿದ್ದವರು ಮೂವರು. ಆದರೆ ಆ ಮೂವರಲ್ಲಿ ಒಬ್ಬಳ ಮೊಣಕಾಲು ಬಾತಿದೆ ಎಂಬ ಸುದ್ದಿಯಿತ್ತು. ಆ ಬಾವಿನ ಮೇಲೇ ಶಿವಗಂಗಾಳ ಜೀವ ನಿಂತಿತ್ತು. ಬೇಡವಾದವರ ಮೂತ್ರ ಕೇಳಿಕೊಂಡು ಯಾರಾದರೂ ಇಷ್ಟು ದೂರ ಬರುತ್ತಾರೆಯೇ?

ಆ ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗುತ್ತಿದ್ದುದು ಪಕ್ಕದ ಮನೆಯ ಹಂಪಮ್ಮನಿಗೆ. ಹೆಪ್ಪು ಕೇಳುವ ನೆಪದಲ್ಲಿ ಬಂದವಳು ಅಡುಗೆಮನೆಗೆ ನುಗ್ಗಿ, ಶಿವಗಂಗಾಳ ತಾಯಿ ಮಾನಮ್ಮನ ಕಿವಿಗೆ ಬಾಯಿಟ್ಟಳು. "ಯಾರಬೇ ಆಕಿ?"

"ಡಾಕ್ಟ್ರಮ್ಮ ಇರಬೇಕವ್ವಾ. ನಮ್ಮ ಗಂಗಿದು ಉಚ್ಚಿ ಪರೀಕ್ಷೆ ಮಾಡ್ತಾಳಂತ."

"ಯವ್ವಾ! ಮದಿವಿ ಆಗದ ಹುಡುಗಿಗಿ ಉಚ್ಚಿ ಪರೀಕ್ಷೇನ?" ಹಂಪಮ್ಮ ಬಾಯಿಗೆ ಸೆರಗು ಒತ್ತಿಕೊಂಡು, ಹೆಪ್ಪು ಮರೆತು ಹೊರಗೋಡಿದಳು.

ಸೂರ್ಯ ಮಾಳಿಗೆ ಏರುವುದರೊಳಗೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮುಂದೆ ನೆರೆದಿದ್ದರು. ಎಲ್ಲರ ಕಣ್ಣೂ ಶಿವಗಂಗಾಳ ಹೊಟ್ಟೆಯ ಮೇಲೆ. ಅವಳು ತಡೆಯಲಾರದೆ ಹೊರಗೆ ಬಂದಳು. ಹಿಂದೆಯೇ ನೆರಳಿನಂತೆ ನೌಶೀನ್.

"ಅತ್ತೀ, ಇದು ಬಸುರಿನ ಪರೀಕ್ಷೆ ಅಲ್ಲ! ಆಟಗಾರರಿಗಿ ಮಾಡೋದು. ದೇಶಕ್ಕ ಆಡೋರಿಗಷ್ಟ ಮಾಡ್ತಾರ!"

ಒಂದು ಗಾಳಿಸುದ್ದಿಯನ್ನು ಕೊಲ್ಲಲು ಹೋಗಿ ಇನ್ನೊಂದನ್ನು ಹೆತ್ತಂತಾಯಿತು. "ಹಂಗಾರ ಆರಿಸ್ಯಾರನ್ನು!" ಎಂದು ಹಂಪಮ್ಮ ಚಪ್ಪಾಳೆ ತಟ್ಟಿದಳು. ಇದೇ ಹಂಪಮ್ಮ ಹಿಂದೊಮ್ಮೆ, "ಮೂರು ಆಟ ಆಡಿದ್ರ ಒಂದ ಪದಕ ಕೊಡ್ತಾರಾ? ಲುಕ್ಸಾನಿನ ಆಟ ಬಿಡು" ಎಂದಿದ್ದವಳು. ಈಗ ಓಡಿಹೋಗಿ ಚೆರಿಗೆ ತುಂಬ ಮಜ್ಜಿಗೆ ತಂದಳು. "ಕುಡಿ ಮಗಳ, ತಾನ ಬರ್ತದ."

"ಬಾಟಲಿ ನೀರಷ್ಟ ಕುಡೀರಿ, ಹೊರಗಿಂದು ಬ್ಯಾಡ್ರಿ" ಎಂದು ನೌಶೀನ್ ಎಚ್ಚರಿಸಿದಳು.

"ಯಾಕ್ರೀ? ನಮ್ಮ ಮಜ್ಜಿಗ್ಯಾಗ ವಿಷ ಅದ ಏನ್ರಿ?"

ಹಂಪಮ್ಮ ಮುನಿದದ್ದು ಕಂಡು ಶಿವಗಂಗಾ ಗಟಗಟ ಕುಡಿದಳು. ಆಮೇಲೆ ಒಬ್ಬರು ಎಳನೀರು, ಇನ್ನೊಬ್ಬರು ಕಲ್ಲಂಗಡಿ. ಒಬ್ಬರದು ಕುಡಿದು ಇನ್ನೊಬ್ಬರದು ಬಿಟ್ಟರೆ ಓಣಿಯಲ್ಲಿ ಬಾಳುವೆ ಉಂಟೇ? ಹೊಟ್ಟೆ ಕಾಲುವೆ ನೀರು ತುಂಬಿದ ಗದ್ದೆಯಂತಾಯಿತು. ಆದರೂ ಒಂದು ಹನಿ ಬರಲಿಲ್ಲ. ನೌಶೀನ್ ಎದುರು ನಿಂತು ನೋಡುತ್ತಿದ್ದರೆ ಬರುವುದಾದರೂ ಹೇಗೆ!

ಅಷ್ಟರಲ್ಲಿ ಮಾನ್ವಿಯಿಂದ ಕೊಟ್ರೇಶ ಮಾಸ್ತರರ ಫೋನು. ಅವರ ಶಾಲೆಯ ಕ್ರೀಡಾಕೂಟಕ್ಕೆ ಶಿವಗಂಗಾ ಮುಖ್ಯ ಅತಿಥಿ. ಬಿಸಿಲಲ್ಲಿ ಮಕ್ಕಳು ಕಾದಿದ್ದವು.

"ಹೋಗೂಣು ನಡೀರಿ. ನನಗ ನೀವು ಕಾಣಿಸಿದ್ರ ಸಾಕು" ಎಂದಳು ನೌಶೀನ್. ಅವಳ ಕಾರಿನಲ್ಲೇ ಹೊರಟರು.

ವೇದಿಕೆಯ ಮೇಲೆ ಮಾಸ್ತರರು ಇಬ್ಬರಿಗೂ ಶಾಲು ಹೊದಿಸಿದರು. ನೌಶೀನ್ ಬೇಡವೆಂದಷ್ಟೂ, "ಇರ್ಲಿ ಬಿಡ್ರಿ, ನೀವೂ ದೊಡ್ಡ ಆಟಗಾರ್ರ ಇರ್ತೀರಿ" ಎಂದು ಹಾರವನ್ನೂ ಹಾಕಿದರು. ಶಿವಗಂಗಾ ಮೈಕು ಹಿಡಿದಳು. ಮುಂದೆ ಸಾಲಾಗಿ ಕೂತ ಹುಡುಗಿಯರ ಕಣ್ಣು ನೋಡಿ ಅವಳಿಗೆ ತನ್ನದೇ ಆ ವಯಸ್ಸು ಕಂಡಿತು.

"ಬಿದ್ರ ಏಳ್ರಿ. ಯಾರು ಏನಾರ ಅನ್ಲಿ, ಓಡೋದು ನಿಲ್ಲಿಸಬ್ಯಾಡ್ರಿ..." ಎನ್ನುವಷ್ಟರಲ್ಲಿ ಮಜ್ಜಿಗೆ, ಎಳನೀರು, ಕಲ್ಲಂಗಡಿ ಮೂರೂ ಒಟ್ಟಿಗೆ ದಂಡೆತ್ತಿ ಬಂದವು. ಮೈಕು ಬಿಟ್ಟು ಅವಳು ಓಟ ಕಿತ್ತಳು. ಹಿಂದೆ ಪೆಟ್ಟಿಗೆ ಹಿಡಿದು ನೌಶೀನ್. ಮುಖ್ಯ ಅತಿಥಿ ಓಡಿ ತೋರಿಸುತ್ತಿದ್ದಾರೆಂದು ತಿಳಿದು ಹುಡುಗಿಯರೆಲ್ಲ ಹೋ ಎಂದು ಬೆನ್ನುಹತ್ತಿದರು!

ಶೌಚಾಲಯಕ್ಕೆ ಬೀಗ. ಕೀಲಿ ಜವಾನ ಗಡಿಗೆಪ್ಪನ ಹತ್ತಿರ. ಗಡಿಗೆಪ್ಪ ಚಹಾ ಕುಡಿಯಲು ಹೋಗಿದ್ದ. ಅವನು ಬರುವವರೆಗೆ ದೇಶದ ಆಟಗಾರ್ತಿ ಒಂಟಿಕಾಲಲ್ಲಿ ಕುಣಿದಳು. ಹುಡುಗಿಯರೂ ಅದೊಂದು ವ್ಯಾಯಾಮವೆಂದು ಸಾಲಾಗಿ ನಿಂತು ಕುಣಿದರು.

ಕೊನೆಗೂ ಬಾಟಲಿ ತುಂಬಿತು. ನೌಶೀನ್ ಅದನ್ನು ಪರೀಕ್ಷಿಸಿ ತಲೆ ಅಲ್ಲಾಡಿಸಿದಳು. "ತೀರಾ ತಿಳಿ ಆಗ್ಯದ್ರಿ. ಬರೀ ನೀರು. ಇದು ನಡೆಯಂಗಿಲ್ಲ, ಮತ್ತೊಮ್ಮೆ ಕೊಡಬೇಕು. ಇನ್ನ ಯಾರು ಏನು ಕೊಟ್ರೂ ಕುಡೀಬ್ಯಾಡ್ರಿ."

ಮರಳುವಾಗ ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಶಿವಗಂಗಾಳ ಸೊಂಟ ಓಡಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿತ್ತು. ನೋವನ್ನು ತೋರಗೊಡದೆ ಕೇಳಿದಳು.

"ಮೇಡಂ, ಕೈಬಿಟ್ಟೋರನ್ನ ಹುಡುಕ್ಕೊಂತ ಯಾರೂ ಬರಂಗಿಲ್ಲಲ್ರೀ?"

"ಅದು ನನಗ ತಿಳೀದ್ರಿ. ಹೆಸರು ಕಳಸ್ತಾರ, ನಾ ಬರ್ತೀನಿ." ಆಮೇಲೆ ಅವಳ ಕಡೆ ತಿರುಗಿ ನೌಶೀನ್ ಅಂದಳು, "ನಿಮ್ಮನ್ನ ಆರಿಸ್ಲಿ ಅಂತ ನನಗೂ ಅನಸ್ತದ್ರಿ. ನೀವು ಓಡಿದ್ದು ನೋಡಿದ್ನೆಲ್ಲ."

ಅವಳೂ ನಕ್ಕಳು, ಇವಳೂ ನಕ್ಕಳು.

ಓಣಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಮನೆಯ ಮುಂದೆ ಜಾತ್ರೆಯಷ್ಟು ಜನ. ಹಂಪಮ್ಮನ ಕೈಯಲ್ಲಿ ಬಾಳೆಕಂದಿನಷ್ಟು ದಪ್ಪದ ಚೆಂಡುಹೂವಿನ ಹಾರ. ಯಾರೋ ಪೇಢೆ ಹಂಚುತ್ತಿದ್ದರು. ಮಾನಮ್ಮ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಮಗಳು ಬಿದ್ದ ದಿನದಿಂದ ಆ ತಾಯಿ ಹೊಸ ಸೀರೆ ಮುಟ್ಟಿರಲಿಲ್ಲ.

"ತಡೀರಿ ಅತ್ತೀ, ಒಂದ ಕೆಲಸ ಉಳದದ" ಎಂದು ಶಿವಗಂಗಾ ಒಳಗೆ ಹೋದಳು. ಈ ಸಲ ತೊಂದರೆಯಾಗಲಿಲ್ಲ. ಬಾಟಲಿ ತುಂಬಿತು, ಬಣ್ಣವೂ ಸರಿಯಿತ್ತು. ನೌಶೀನ್ ಎರಡು ಗಾಜಿನ ಶೀಷೆಗಳಿಗೆ ಸುರಿದು, ಮುಚ್ಚಳ ಬಿಗಿದು, "ಶಾಬಾಸ್" ಎಂದಳು. ಮುಗಿಯಿತೆಂದು ತಿಳಿಸಲು ಮೇಲಿನ ಕಚೇರಿಗೆ ಫೋನು ಮಾಡಿದಳು.

ಆ ಕಡೆಯವರು ಮಾತಾಡುತ್ತಿದ್ದಂತೆ ಅವಳ ಮುಖ ಸಣ್ಣಗಾಯಿತು. ಫೋನು ಇಟ್ಟು ಬಹಳ ಹೊತ್ತು ಕನ್ನಡಕ ಒರೆಸಿಕೊಂಡಳು.

"ಮಧ್ಯಾಹ್ನ ತಂಡದ ಹೆಸರು ಹೇಳಿಬಿಟ್ರಂತ್ರಿ. ಮೊಣಕಾಲು ಬಾತಿದ್ದ ಹುಡುಗಿಗಿ ಆರಾಮ ಆಗ್ಯದಂತ. ನಿಮ್ಮ ಹೆಸರು... ಪರೀಕ್ಷೆದ ಪಟ್ಟಿಯಿಂದನೂ ತಗದಾರ್ರಿ. ಈ ಸ್ಯಾಂಪಲ್ ಬ್ಯಾಡಂತ."

ಶಿವಗಂಗಾ ಶೀಷೆಗಳನ್ನು ನೋಡಿದಳು. "ಅಂದ್ರ ಇನ್ನ ಯಾರೂ ಬರಂಗಿಲ್ಲೇನ್ರಿ?"

"ಇಲ್ರಿ. ನೀವು ಎಲ್ಲಿದ್ರೂ ಯಾರಿಗೂ ತಿಳಸೋದು ಬ್ಯಾಡ."

"ಇವನ್ನ ಏನ್ ಮಾಡ್ತೀರಿ?"

"ಚೆಲ್ಲಬೇಕ್ರಿ."

"ಕೊಡ್ರಿ, ನಾನ ಚೆಲ್ತೀನಿ."

ಬಿಗಿದ ಮುಚ್ಚಳ ತೆಗೆಯಲು ಬಾರದೆ, ಇಬ್ಬರೂ ಸೇರಿ ಶೀಷೆಗಳನ್ನು ಬಚ್ಚಲ ಕಲ್ಲಿಗೆ ಕುಕ್ಕಿ ಒಡೆದರು. ನೌಶೀನ್ ಅವಳ ಕೈಯನ್ನೊಮ್ಮೆ ಒತ್ತಿ ಹಿಡಿದು, ತಲೆ ತಗ್ಗಿಸಿಕೊಂಡು ಜನರ ನಡುವೆ ಹಾದು ಕಾರು ಹತ್ತಿದಳು.

ಶಿವಗಂಗಾ ಕಟ್ಟೆಗೆ ಬಂದಳು. "ಅತ್ತೀ, ನನ್ನ ಆರಿಸಿಲ್ಲ. ಬ್ಯಾಡ ಅಂದ್ರು."

ಹತ್ತಿರವಿದ್ದವರು ಮಿಕಿಮಿಕಿ ನೋಡಿದರು. ಪೇಢೆ ಹಂಚುವ ಕೈ ಅಲ್ಲೇ ನಿಂತಿತು. ಹಂಪಮ್ಮ ಹಾರವನ್ನೊಮ್ಮೆ ನೋಡಿದಳು, ಹುಡುಗಿಯನ್ನೊಮ್ಮೆ ನೋಡಿದಳು.

"ಬ್ಯಾಡ ಅಂದ್ರ ಬ್ಯಾಡ ಅನ್ಲಿ. ತಂದ ಹಾರ ಹೊಳ್ಳಿ ಒಯ್ಯಬಾರದವ್ವಾ" ಎಂದು ಕೊರಳಿಗೆ ಹಾಕಿಯೇಬಿಟ್ಟಳು.

ಹಾರ ಬಿದ್ದದ್ದಷ್ಟೇ ಕಂಡ ಹಿಂದಿನ ಸಾಲಿನವರು "ಶಿವಗಂಗಾಗ ಜೈ!" ಎಂದು ಕೂಗಿ ಚಪ್ಪಾಳೆ ಶುರುಮಾಡಿದರು. ಮುಂದಿನವರಿಗೂ ಸುಮ್ಮನಿರಲು ಆಗಲಿಲ್ಲ. ಇಡೀ ಓಣಿ ಗುಡುಗಿತು. ಶಿವಗಂಗಾಳಿಗೆ ತಡೆಯಲಾರದಷ್ಟು ನಗು ಬಂತು. ಹಾರದಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಲುಕಿ ಕುಲುಕಿ ನಕ್ಕಳು. ಅದು ನಗುವಲ್ಲವೆಂದು ತಿಳಿದದ್ದು ಮಾನಮ್ಮನೊಬ್ಬಳಿಗೆ. ಅವಳು ಬಂದು ಮಗಳ ತಲೆಯ ಮೇಲೆ ಹೊಸ ಸೀರೆಯ ಸೆರಗು ಹೊದಿಸಿ ಒಳಗೆ ಕರೆದುಕೊಂಡು ಹೋದಳು. ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.