ಮಣಿಯ ನಾಡಿ ಮತ್ತು ನಮ್ಮ ಮಾವ

ನಮ್ಮ ಸೋದರಮಾವನಿಗೆ ತಮ್ಮ ಮದುವೆಯ ದಿನ ನೆನಪಿರುವುದಿಲ್ಲ. ಮಗಳು ಯಾವ ಕ್ಲಾಸು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಇವತ್ತು ಬೆಳಿಗ್ಗೆ ಮಣಿಯ ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತು ಎಂದು ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ!

ಮಣಿ ಯಾರು ಎಂದಿರಾ? ಕೆಜಿಎಫ್‌ನ ಕಾರ್ಖಾನೆಯೊಂದರ ಕಾವಲು ನಾಯಿ. ಅದನ್ನು ನೋಡಿಕೊಳ್ಳುವ ಕೆಲಸ ಮಾವನದು. ಮಾವ ಮನೆಯಲ್ಲಿ ಆಡುವುದು ಕನ್ನಡ, ಅತ್ತೆಯ ಜೊತೆ ಜಗಳಕ್ಕೆ ತೆಲುಗು, ಮಣಿಯ ಜೊತೆ ಮಾತ್ರ ತಮಿಳು. ಹಿಂದಿನ ಕಾವಲುಗಾರ ಅದಕ್ಕೆ ತಮಿಳಿನಲ್ಲೇ ಪಾಠ ಮಾಡಿದ್ದನಂತೆ. ಈ ವಯಸ್ಸಿನಲ್ಲಿ ನಾಯಿಗೆ ಹೊಸ ಭಾಷೆ ಕಲಿಸುವುದಕ್ಕಿಂತ ತಾವೇ ಕಲಿಯುವುದು ಸುಲಭ ಅನ್ನಿಸಿತಂತೆ!

ಮಾವ ಆ ಕೆಲಸಕ್ಕೆ ಬಂದಾಗ ಮಣಿ ಗೇಟಿನ ಬಳಿ ಎಲ್ಲರ ಬಿಸ್ಕತ್ತು ತಿಂದು ದಿಂಬಿನಂತಾಗಿತ್ತು. ಕಾಂಪೌಂಡಿಗೆ ಒಂದು ಸುತ್ತು ಹಾಕಿದರೆ ಸಾಕು, ನಾಲಿಗೆ ಹೊರಗೆ. ಕಾರ್ಖಾನೆಯವರು ಕರೆಸಿದ ಪಶುವೈದ್ಯರು ಎದೆಗೆ ಸ್ಟೆತಸ್ಕೋಪು ಇಟ್ಟು, "ಹೃದಯಕ್ಕೆ ರೋಗವಿಲ್ಲ, ಕಸುವೂ ಇಲ್ಲ. ಮೂರು ತಿಂಗಳು ನೋಡೋಣ. ಸುಧಾರಿಸದಿದ್ದರೆ ಬೇರೆ ನಾಯಿ ತನ್ನಿ" ಎಂದರು. ಮಾವ ಅವತ್ತೇ ಒಂದು ನೋಟ್‌ಬುಕ್ಕು ಕೊಂಡರು.

ಅವರ ಕ್ರಮ ನೋಡಬೇಕಿತ್ತು! ಮುಂಜಾನೆಯ ತಂಪಿನಲ್ಲಿ, ಖಾಲಿ ಹೊಟ್ಟೆಯಲ್ಲಿ ಕಸರತ್ತು. ಮೊದಲ ವಾರಗಳಲ್ಲಿ ಬರೀ ನಡಿಗೆ. ಆಮೇಲೆ ಸಣ್ಣ ಓಟ, ಆಮೇಲೆ ಏರು. ಕೊನೆಗೆ ಎದೆಪಟ್ಟಿಗೆ ಉದ್ದದ ಹಗ್ಗ ಕಟ್ಟಿ, ಹಳೇ ಸ್ಕೂಟರ್ ಟೈರು ಎಳೆಸುವುದು. ಓಟಕ್ಕೆ ಮುಂಚೆ ಒಂದು ಸಲ, ಮುಗಿದ ಕೂಡಲೇ ಒಂದು ಸಲ, ಸ್ವಲ್ಪ ಹೊತ್ತಾದ ಮೇಲೆ ಮತ್ತೊಂದು ಸಲ ತೊಡೆಯ ಒಳಭಾಗಕ್ಕೆ ಬೆರಳಿಟ್ಟು ನಾಡಿ ಎಣಿಕೆ. ಜೊತೆಗೆ ತುಟಿ ಎತ್ತಿ ಒಸಡಿನ ಬಣ್ಣದ ಪರೀಕ್ಷೆ.

"ಓಡಿದ್ರೆ ಎಲ್ಲಾರ್ದೂ ಏರ್ತದೆ ಕಣ್ಲಾ. ಎಷ್ಟು ಬಿರ್ನೆ ಇಳೀತದೆ, ಅದು ನೋಡ್ಬೇಕು. ಅದೇ ಗಟ್ಟಿ ಎದೆ" ಎನ್ನುತ್ತಿದ್ದರು.

ಅತ್ತೆಯ ಗೋಳು ಬೇರೆ. "ಮೊನ್ನೆ ನಂಗೆ ಜ್ವರ ಕಣಪ್ಪಾ. ನಿಮ್ಮಾವ ಬಂದು, ಒಸಡು ತೋರ್ಸು, ಬಣ್ಣ ನೋಡ್ತೀನಿ ಅಂದ್ರು!"

ಏರು ಕಲಿಸಲು ಮಣಿಯನ್ನು ನಮ್ಮೂರು ಬಂಗಾರಪೇಟೆಯ ಸ್ಟೇಷನ್ನಿನ ಮೇಲ್ಸೇತುವೆಗೂ ಕರೆತಂದಿದ್ದರು. ಬೆಂಗಳೂರಿನ ರೈಲು ಹಿಡಿಯುವವರೆಲ್ಲ ಓಡುತ್ತಿದ್ದರೆ, ಇವರಿಬ್ಬರು ಮಾತ್ರ ಹತ್ತಿದ ಮೆಟ್ಟಿಲನ್ನೇ ಇಳಿದು ಮತ್ತೆ ಹತ್ತುತ್ತಿದ್ದರು. ಟಿಕೆಟ್ ನೋಡುವವರು ತಡೆದರು.

"ನಾಯಿ ಕರ್ಕೊಂಡು ಎಲ್ಲಿಗ್ರೀ?"

"ಎಲ್ಲಿಗೂ ಓಗಲ್ಲ ಸಾರ್."

"ಮತ್ತೆ ಯಾಕ್ರೀ ಬಂದ್ರಿ?"

"ನಿಮ್ ಮೆಟ್ಲು ಸಂದಾಗೈತೆ ಸಾರ್!"

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಮುಂದಿನದನ್ನು ಹಾಗೆ ಬರೆಯಲಾರೆ.

ವೈದ್ಯರು ಮತ್ತೆ ಬರಲು ಒಂದು ವಾರವಿತ್ತು. ಕೆಜಿಎಫ್‌ನದೇ ಭಾಗವಾದ ಕೋರಮಂಡಲ್‌ನಲ್ಲಿ ಗಣಿಯ ಪುಡಿಮಣ್ಣು ಸುರಿದು ಎದ್ದ ದಿಬ್ಬದ ಪಕ್ಕದ ದಾರಿಯಲ್ಲಿ ಮಣಿ ಟೈರು ಎಳೆಯುತ್ತಿತ್ತು. ಜೊತೆಗೆ ನಾನೂ ಹೋಗಿದ್ದೆ. "ದಾರಿ ಬಿಟ್ಟು ಓಗ್ಬೇಡ, ಮಳೆ ಕೊರೆದೈತೆ" ಎಂದು ಮಾವ ಎರಡು ಸಲ ಹೇಳಿದ್ದರು. ಡಿಗ್ರಿ ಮಾಡಿದವನು ನಾನು, ಕೇಳುತ್ತೇನೆಯೇ? ಒಳ್ಳೆಯ ಫೋಟೊ ಸಿಗಲೆಂದು ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದೆ. ಕಾಲ ಕೆಳಗಿನ ನೆಲ ಸದ್ದಿಲ್ಲದೆ ಜಾರಿತು.

ಕೊರಕಲಿನ ಅರ್ಧದಲ್ಲಿ ಸಿಕ್ಕಿಕೊಂಡಿದ್ದೆ. ಕೈಗೆ ಸಿಕ್ಕ ಮಣ್ಣೆಲ್ಲ ಹಿಟ್ಟಿನಂತೆ ಉದುರುತ್ತಿತ್ತು. ಕೆಳಗೆ ಎಷ್ಟು ಆಳವೋ ಕಾಣಿಸಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಟೈರು ಉರುಳಿ ಬಂತು. "ತೋಳು ತೂರ್ಸ್‌ಲಾ!" ತೂರಿಸಿದೆ. ಹಗ್ಗ ಬಿಗಿಯಾಯಿತು. ಮೇಲೆ ಮಾವ ಹಗ್ಗ ಹಿಡಿದು ಮಣಿಗೆ ತಮಿಳಿನಲ್ಲಿ "ಇಳುಡಾ, ಇಳುಡಾ" ಎನ್ನುತ್ತಿದ್ದರು. ಎಳೆಯೋ ಎಂದು ಅರ್ಥ, ದಿನಾ ಟೈರು ಎಳೆಸುವಾಗಿನ ಮಾತು. ಮಣಿ ಎಳೆಯಿತು. ಒಂದು ಗೇಣು, ನಿಂತಿತು. ಇನ್ನೊಂದು ಗೇಣು, ನಿಂತಿತು. ನಿಂತಾಗಲೆಲ್ಲ ಅದರ ಏದುಸಿರು ನನಗೆ ಕೇಳುತ್ತಿತ್ತು. ಆದರೆ ಹಗ್ಗ ಒಮ್ಮೆಯೂ ಸಡಿಲವಾಗಲಿಲ್ಲ.

ಮೇಲೆ ಬಂದು ಬಿದ್ದವನನ್ನು ದಾರಿಯ ಮೇಲಕ್ಕೆ ದರದರ ಎಳೆದು ಹಾಕಿ, ಮಾವ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಮಂಡಿಯೂರಿ ಮಣಿಯ ತೊಡೆಗೆ ಬೆರಳಿಟ್ಟರು!

"ಮಾವ, ನಾನು ಸಾಯ್ತಿದ್ದೆ!"

"ಇರ್ಲಾ, ಎಣಿಕೆ ತಪ್ಪೋಗ್ತದೆ."

ಮಣಿಯ ನಾಡಿ ಬೇಗ ಇಳಿಯಿತು. ಮರುವಾರ ವೈದ್ಯರೂ ತಲೆದೂಗಿದರು. ಮಣಿಯ ಕೆಲಸ ಉಳಿಯಿತು.

ಇಳಿಯದೇ ಇದ್ದದ್ದು ನನ್ನದು. ಕಣ್ಣು ಮುಚ್ಚಿದರೆ ಕಾಲ ಕೆಳಗಿನ ನೆಲ ಜಾರುತ್ತದೆ. ಮೆಟ್ಟಿಲಿನ ಕೊನೆಯಲ್ಲಿ ನಿಂತರೂ ಕಾಲು ಹೆಪ್ಪುಗಟ್ಟುತ್ತದೆ. ಮನೆಯವರು ಹೇಳಿದರೋ ಏನೋ, ಮಾವ ದಿನಾ ಬೆಳಿಗ್ಗೆ ಕೆಲಸ ಮುಗಿಸಿ ಬಂಗಾರಪೇಟೆಗೆ ಬರತೊಡಗಿದರು. ಕಾಫಿಗೂ ಮುಂಚೆ, "ಕೈ ಕೊಡ್ಲಾ." ನೋಟ್‌ಬುಕ್ಕಿನಲ್ಲಿ ಮಣಿಯ ಪುಟದ ಎದುರು ಈಗ ನನ್ನ ಪುಟ! ಆಮೇಲೆ ನನ್ನನ್ನು ನಡೆಸುತ್ತಾರೆ. ಮೊದಲ ದಿನ ಬೀದಿಯ ತುದಿಯವರೆಗೆ. ಒಂದು ವಾರ ಬಿಟ್ಟು ಸ್ಟೇಷನ್ನಿನ ಮೆಟ್ಟಿಲಿಗೆ, ಅದೂ ಮೂರೇ ಮೆಟ್ಟಿಲು. "ಅವಸರ ಮಾಡಿದ್ರೆ ಎದೆ ಗಟ್ಟಿ ಆಗಲ್ಲ. ಮಣೀನೂ ಇಂಗೇ ಸುರು ಮಾಡಿದ್ದು."

ಮೊನ್ನೆ ಅವರು ಹೀಗೆ ನನ್ನ ಕೈ ಹಿಡಿದು ಎಣಿಸುತ್ತಿದ್ದಾಗ, ತಮಾಷೆಗೆಂದು ನನ್ನ ಇನ್ನೊಂದು ಕೈಯ ಬೆರಳನ್ನು ಅವರ ಮಣಿಕಟ್ಟಿನ ಮೇಲಿಟ್ಟೆ. ಅರ್ಧ ಗಂಟೆಯಿಂದ ಕೂತೇ ಇದ್ದ ಮನುಷ್ಯ. ನಾಡಿ ನನ್ನದಕ್ಕಿಂತ ಜೋರಾಗಿ ಓಡುತ್ತಿತ್ತು.

"ಮಾವ, ನಿಮ್ದೇ ಇನ್ನೂ ಇಳಿದಿಲ್ಲ."

"ಸುಮ್ನಿರ್ಲಾ. ಎಣಿಕೆ ತಪ್ಪೋಯ್ತು" ಎಂದು ಮುಖ ಆ ಕಡೆಗೆ ತಿರುಗಿಸಿದರು. ನನ್ನ ಕೈ ಬಿಡದೆ, ಮತ್ತೆ ಒಂದರಿಂದ ಎಣಿಸತೊಡಗಿದರು.