ಬದಲಾಗದ ಒಂದು ಸಾಲು

ನಮ್ಮ ಮಾಮಾ ತಮಗೆ ಬೇಕಾದದ್ದನ್ನು ಎಂದೂ ತಾವೇ ಮಾಡಿಕೊಂಡವರಲ್ಲ. ಸೋಮಾರಿತನ ಅಂದುಕೊಂಡಿರಾ? ಛೇ, ಅದು ಸಿದ್ಧಾಂತ! ಅಥಣಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೂತು ದ್ರಾಕ್ಷಿ ಬೆಳೆಗಾರರಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಅವರ ಕೈಕೆಳಗೆ ನಾನೊಬ್ಬಳು. ಅವರ ಪ್ರೋಗ್ರಾಮಿನಲ್ಲಿ ಯಾವ ಕ್ಲಾಸೂ, ಅಂದರೆ ಅದರ ಯಾವ ಬಿಡಿಭಾಗವೂ, ತನಗೆ ಬೇಕಾದ ಸಾಮಾನನ್ನು ತಾನೇ ತಯಾರಿಸಿಕೊಳ್ಳುವಂತಿಲ್ಲ. ಎಲ್ಲವನ್ನೂ ಕಂಟೇನರ್ ಎಂಬ ಒಂದು ಉಗ್ರಾಣದಲ್ಲಿ ನೋಂದಾಯಿಸಬೇಕು. ಯಾರಿಗೆ ಏನು ಬೇಕೋ ಅದು ಅಲ್ಲಿಂದಲೇ ಸಿಗುತ್ತದೆ. ಕೆಲವು ಇಡೀ ಪ್ರೋಗ್ರಾಮಿಗೆ ಒಂದೇ. ಕೆಲವಕ್ಕೆ ಫ್ಯಾಕ್ಟರಿ ಇರುತ್ತದೆ, ಕೇಳಿದಾಗೆಲ್ಲ ಹೊಸದು ಮಾಡಿಕೊಡುತ್ತದೆ.

"ಇದರ ಲಾಭ ಗೊತ್ತೈತೇನವಾ? ನಾಳೆ ಏನರ ಬದಲಿ ಮಾಡೂದಿತ್ತಂದ್ರ ಒಂದ ಸಾಲ ಬದಲಿ ಮಾಡಿದ್ರ ಮುಗೀತು," ಎಂದು ದಿನಕ್ಕೆ ನಾಲ್ಕು ಸಲ ನನ್ನ ತಲೆ ತಿನ್ನುತ್ತಿದ್ದರು.

ಈ ಹುಚ್ಚು ಮನೆಗೂ ಹಬ್ಬಿತು. ಅಡುಗೆಮನೆಯ ಬಾಗಿಲಿಗೆ ಒಂದು ಪಟ್ಟಿ ಅಂಟಿತು: ಚಹಾ, ಕೇಳಿದಾಗೆಲ್ಲ ಹೊಸದು. ಛತ್ರಿ, ಮನೆಗೆಲ್ಲ ಒಂದೇ. ಟವೆಲ್ಲಿಗೂ 'ಒಂದೇ' ಎಂದು ಬರೆದುಬಿಟ್ಟಿದ್ದರು ಪುಣ್ಯಾತ್ಮರು! ಕುಡಚಿಯಿಂದ ಬಂದ ಬೀಗರು ಬಚ್ಚಲಿನಿಂದ ಕೂಗಿದಾಗ ಆ ಒಂದೇ ಟವೆಲ್ಲು ಮಾಮಾರ ತಲೆಗೆ ಸುತ್ತಿತ್ತು.

ಮಾಮಿ ಪಟ್ಟಿ ಓದಿ ಕೇಳಿದರು: "ಮತ್ತ ಈ ಚಹಾದ ಫ್ಯಾಕ್ಟರಿ ಯಾರ್ರಿ?"

ಮಾಮಾ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಮಾಮಿ ಪ್ರೋಗ್ರಾಮಿನ ನಿಜವಾದ ಕಂಟೇನರಿನಲ್ಲೂ ಇದ್ದರು, ದನಿಯಾಗಿ. ಮೋಡ ಕಟ್ಟಿದರೆ ನಮ್ಮ ಪ್ರೋಗ್ರಾಮು ಬೆಳೆಗಾರರಿಗೆ ಫೋನು ಮಾಡುತ್ತದೆ: "ಇವತ್ತ ಔಷಧ ಹೊಡೀಬ್ಯಾಡ್ರಿ, ಮಳಿ ಐತಿ." ಆ ದನಿ ಮಾಮಿಯದು. ಸತ್ತಿ ಊರಿನ ತೋಟದವರು ಅವರನ್ನು 'ಮಳಿ ಅಕ್ಕಾರು' ಎಂದೇ ಕರೆಯುತ್ತಿದ್ದರು. ಆ ಹೆಸರಿನ ಮೇಲೆ ಮಾಮಿಗೆ ಬಲು ಪ್ರೀತಿ.

ಹೋದ ವರ್ಷ ಅವರ ಗಂಟಲಿನ ಆಪರೇಷನ್ ಆಯಿತು. ಗುಣವಾದರು, ದನಿ ಮಾತ್ರ ಒಡೆದು ಗೊಗ್ಗರಾಗಿ ಉಳಿಯಿತು. ಹೊಸ ಹಂಗಾಮಿಗೆ ಸಂದೇಶಗಳನ್ನೆಲ್ಲ ಹೊಸದಾಗಿ ಹೇಳಿ ರೆಕಾರ್ಡ್ ಮಾಡಬೇಕಿತ್ತು. ನಾನು ಕಂಪ್ಯೂಟರಿನ ದನಿಯೊಂದನ್ನು ಸಿದ್ಧಮಾಡಿದೆ.

"ಒಂದ ಸಾಲ ಮಾಮಾ, ಬದಲಿ ಮಾಡಿದ್ರ ಮುಗೀತು," ಎಂದೆ, ಜಾಣೆಯ ಹಾಗೆ.

ಬಾಗಿಲಲ್ಲಿ ಮಾಮಿ ನಿಂತಿದ್ದರು. "ಮಾಡ್ರಿ. ಈ ದನಿ ಕೇಳಿದ್ರ ಮಂದಿ ಅಂಜ್ತಾರ," ಎಂದು ನೆಲ ನೋಡಿದರು. ನಾನು ಕೀಬೋರ್ಡಿನಿಂದ ಕೈ ತೆಗೆದೆ.

ಮಾಮಾ ಪರದೆಯಲ್ಲಿ ಮಾಮಿಯ ದನಿ ಇದ್ದ ಆ ಸಾಲಿನ ಮೇಲೆ ಬೆರಳಿಟ್ಟರು. "ಅದೊಂದ ಬದಲಿ ಆಗೂದಿಲ್ಲ. ಕುಂಡ್ರು," ಎಂದು ಮೈಕನ್ನು ಮಾಮಿಯ ಮುಂದೆ ಸರಿಸಿ ಎದ್ದು ಹೋದರು. ತಿರುಗಿ ಬಂದಾಗ ಕೈಯಲ್ಲಿ ಚಹಾ ಇತ್ತು, ತಾವೇ ಮಾಡಿದ್ದು! ಸಕ್ಕರೆ ಮರೆತಿದ್ದರು. ಮಾಮಿ ಒಂದು ಹನಿ ಬಿಡದೆ ಕುಡಿದು, ಮೈಕಿನತ್ತ ಬಾಗಿದರು.

"ನಮಸ್ಕಾರ್ರಿ. ನಾನ ಮಳಿ ಅಕ್ಕಾ ಮಾತಾಡಾಕತ್ತೀನಿ."